ಎಡಗಡೆಯ ಪೆಡಲ್

ಎಡಗಡೆಯದೇ, ಬಲಗಡೆಯದಲ್ಲ, ಕೀಂಯ್ ಅನ್ನುವುದು ಎಡಗಡೆಯ ಪೆಡಲೇ — ಅದು ಚನ್ನಾಜಮ್ಮನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು, ಲೆಗ್ ಹಾರ್ಮೋನಿಯಂ ಕೆಳಗೆ ತಲೆ ತೂರಿಸಿ ನೆಲದ ಮೇಲೆ ಕೂತಿದ್ದಾಳೆ, ಕೈಯಲ್ಲಿ ಹೊಲಿಗೆ ಮಿಷಿನ್ನಿನ ಎಣ್ಣೆ ಡಬ್ಬಿ, ಮೂಗಿಗೆ ಹಳೇ ಮರದ ವಾಸನೆ, ಬೆವರು ಕುಡಿದ ಚರ್ಮದ ವಾಸನೆ, ಕಣ್ಣ ಮುಂದೆ ಗೇಣು ದೂರದಲ್ಲಿ ಗಂಡನ ಎರಡು ಪಾದ, ಊದಿಕೊಂಡು ಬೆರಳುಗಳೆಲ್ಲ ಒಂದಕ್ಕೊಂದು ಅಂಟಿ, ಚರ್ಮ ಮಿರಮಿರ ಮಿಂಚುತ್ತಿದೆ, ಎಡಗಾಲಿನ ಮೇಲೆ ಇನ್ನೂ ಇದೆಯಾ ಆ ಕುಳಿ, ಇದೆ, ಬೆಳಿಗ್ಗೆ ಅವಳೇ ಹೆಬ್ಬೆರಳಿನಿಂದ ಒತ್ತಿದ್ದು, ಮೈಸೂರಿನ ಡಾಕ್ಟರು ಹೇಳಿಕೊಟ್ಟ ಹಾಗೆ, ದಿನಾ ಒತ್ತಿ ನೋಡಿ ಅಮ್ಮ, ಕುಳಿ ಬಿದ್ದು ಹಾಗೇ ನಿಂತುಬಿಟ್ಟರೆ ಹೃದಯ ಸೋಲ್ತಿದೆ ಅಂತ, ಒಂದು ನಿಮಿಷ ತಡ ಮಾಡದೆ ಕರಕೊಂಡು ಬನ್ನಿ — ಬಿತ್ತು, ನಿಂತಿತು, ಹಾಲು ಇಳಿಸಿ ಬಂದು ನೋಡಿದರೂ ತುಂಬಿರಲಿಲ್ಲ. ರೀ, ಹೊರಡಿ, ಆಟೋ ಕರೀತೀನಿ ಅಂದಳು. ಮೇಷ್ಟ್ರು ಪಂಚೆ ಇಳಿಬಿಟ್ಟು ಪಾದ ಮುಚ್ಚಿಕೊಂಡರು. ಇವತ್ತೊಂದಿನ ಬುಡಮ್ಮಿ, ವೀಳ್ಯ ತಕಂಡಿವ್ನಿ, ನನ್ ಕಾಲಲ್ಲೇ ಸುರುವಾಗ್ಬೇಕು, ನಾಳೆ ಓಗವ. ನಾಳೆಯಂತೆ. ಕುಳಿಗೆ ಗೊತ್ತೇನು ನಾಳೆ ಅಂದರೆ ಏನು ಅಂತ.

ಆ ವೀಳ್ಯ, ಅದನ್ನು ಅವಳಿದ್ದಾಗ ಕೊಡಲು ಬಂದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು, ಅದಕ್ಕೇ ಅವಳು ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಯಳಂದೂರಿಗೆ ಹೋದ ದಿನವೇ ಬಂದಿದ್ದಾರೆ, ಕುಂತೂರಿನ ಸಕ್ಕರೆ ಕಾರ್ಖಾನೆಯ ಹುಡುಗರು, ಮುಂದಾಳು ಆ ಮಾದಸ್ವಾಮಿ, ಈ ವರ್ಷ ನಾಟಕಕ್ಕೆ ನೀವೇ ಮೇಷ್ಟ್ರಾಗಬೇಕು ಅಂದರಂತೆ, ಇವರು ಬೇಡ ಅನ್ನುವುದು ಬಿಟ್ಟು ಕೈಯೊಡ್ಡಿದರಂತೆ. ಬಂದು ನೋಡಿದರೆ ಹಾರ್ಮೋನಿಯಂ ಮೇಲೆ ಬಾಡಿದ ಎಲೆ, ಅಡಿಕೆ, ತೆಂಗಿನಕಾಯಿ. ತೆಗೆದುಕೊಂಡ ವೀಳ್ಯ ಹಿಂತಿರುಗಿಸಿದ ಮೇಷ್ಟ್ರು ಈ ಸೀಮೆಯಲ್ಲಿ ಯಾರಿದ್ದಾರೆ, ಹಿಂತಿರುಗಿಸಿದರೆ ತಂಡಕ್ಕೆ ಕೇಡು, ಇಸಿದುಕೊಂಡವನ ಕಾಲೇ ಮೊದಲ ದಿನ ಪೆಡಲ್ ತುಳಿಯಬೇಕು, ಇನ್ನೊಬ್ಬ ತುಳಿದರೆ ನಾಟಕ ರಂಗ ಹತ್ತುವುದಿಲ್ಲ — ಇವೆಲ್ಲ ಯಾರು ಮಾಡಿದ ಕಟ್ಟಳೆಯೋ, ಮಾಡಿದವನ ಕಾಲು ಊದಿಕೊಂಡಿರಲಿಲ್ಲ ಬಿಡು. ಈಗ ನೋಡು, ಪಡಸಾಲೆ ತುಂಬ ಹುಡುಗರು, ಎಲ್ಲರೂ ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟುಕೊಂಡು ಬಂದಿದ್ದಾರೆ, ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು ಗುಡುಗುಡು ಅಂದರೆ ಗೋಡೆಯ ಪಟಗಳೆಲ್ಲ ನಡುಗುತ್ತವೆ.

ಆಗಲೇ ಎಣ್ಣೆ ಬಿಟ್ಟಿದ್ದಳು, ಬಲಗಡೆಯ ಕೀಲಿಗೆ. ಬೇಕೆಂದೇ. ಏಕೆಂದರೆ ಎಡಗಡೆಯ ಕೀಂಯ್ ಅನ್ನುವುದು ಇವರಿಗೆ ಪಿರಿಪಿರಿ, ಅವಳಿಗೆ ಅದೇ ಜೀವ, ಅಡುಗೆಮನೆಯಲ್ಲಿ ಕೂತು ರೊಟ್ಟಿ ತಟ್ಟುತ್ತ ಎಷ್ಟು ವರ್ಷ ಕೇಳಿದ್ದಾಳೆ, ರಾಗ ಯಾವುದೋ ತಾಳ ಯಾವುದೋ ಅವಳಿಗೇನು ಗೊತ್ತು, ಆ ಸದ್ದು ಮಾತ್ರ ಗೊತ್ತು, ಖುಷಿಯಲ್ಲಿದ್ದರೆ ಚುಟುಕು, ಸಿಟ್ಟಿದ್ದರೆ ಬಿರುಸು, ದಣಿದರೆ ಎಳೆದೆಳೆದು. ಹೋದ ಮಾಘದಲ್ಲಿ, ಇದೇ ಪಡಸಾಲೆ, ರಾಮಾಪುರದವರ ತಾಲೀಮು, ಎಲ್ಲರೂ ಆಹಾ ಅನ್ನುತ್ತಿದ್ದಾರೆ, ಅವಳಿಗೆ ಕೇಳಿಸಿದ್ದು ಬೇರೆ, ಕೀಂ… ಅಂತ ಶುರುವಾದದ್ದು ಮುಗಿಯಲೇ ಇಲ್ಲ, ಸೌಟು ಹಿಡಿದೇ ಓಡಿ ಬಂದಳು, ಮೇಷ್ಟ್ರ ಮುಖವೆಲ್ಲ ಬೆವರು, ತುಟಿ ಬಿಳಿ, ಕೈ ಇನ್ನೂ ಹಾರ್ಮೋನಿಯಂನ ಸ್ವರದ ಮನೆಗಳ ಮೇಲೇ ಇತ್ತು, ಪಕ್ಕದಲ್ಲಿ ಕೂತವನಿಗೂ ಗೊತ್ತಾಗಿರಲಿಲ್ಲ. ಕೊಳ್ಳೇಗಾಲದ ಆಸ್ಪತ್ರೆ, ಅಲ್ಲಿಂದ ಮೈಸೂರು. ಇನ್ನೊಂದು ಗಳಿಗೆ ತಡವಾಗಿದ್ದರೆ ಇಲ್ಲ ಅಂದರು ಡಾಕ್ಟರು. ದೇವರು ದೊಡ್ಡವನು ಅಂದರು ಇವರು. ದೇವರಲ್ಲ, ಪೆಡಲು, ಅಂತ ಅವಳು ಹೇಳಲಿಲ್ಲ, ಯಾರಿಗೂ ಹೇಳಿಲ್ಲ, ಹೇಳಿದರೆ ಹುಚ್ಚಿ ಅನ್ನುತ್ತಾರೆ, ಹೇಳಬೇಕಿತ್ತೇನೋ.

ಪಾದ ಎದ್ದಿತು, ಒತ್ತಿತು, ಕೀಂಯ್. ಹುಡುಗರು ಕಿಸಕ್ಕೆಂದರು. ಮಾದಸ್ವಾಮಿಯದು ರಾಜಪಾರ್ಟು, ದನಿಯೂ ರಾಜನದೇ, ನಾನು ಗದೆ ಎತ್ತಾಕ್ ಮುಂಚೇನೇ ನಿಮ್ ಪೆಟ್ಗೆ ಅಳ್ತದಲ್ಲ ಮೇಷ್ಟ್ರೇ ಅಂದ, ಮತ್ತೆ ನಗು. ಮೇಷ್ಟ್ರು ಬಗ್ಗಿದರು, ಬಗ್ಗುವುದಕ್ಕೇ ಏದುಸಿರು, ತಲೆಕೆಳಗಾಗಿ ಕಂಡ ಮುಖದಲ್ಲಿ ನಗುವಿರಲಿಲ್ಲ, ಅವಳಿಗಷ್ಟೇ ಕೇಳುವ ಹಾಗೆ, ಎಡಗಡೇದು ಕಣಮ್ಮಿ, ಉಡುಗ್ರು ಮುಂದೆ ನನ್ ಮಾನ ಕಳೀಬ್ಯಾಡ. ಈಗ ಎದ್ದು ನಿಂತು ಒಂದು ಮಾತು ಅಂದುಬಿಟ್ಟರೆ ಮುಗಿಯಿತು, ಇವರ ಎದೆ ಸೋತಿದೆ, ನಿಮ್ಮ ನಾಟಕ ನೀವು ನೋಡಿಕೊಳ್ಳಿ, ಎಷ್ಟು ಸುಲಭದ ಮಾತು, ಮಾದಸ್ವಾಮಿಯೇ ಹೊತ್ತುಕೊಂಡು ಆಟೋ ಹತ್ತಿಸುತ್ತಾನೆ, ಆಮೇಲೆ ಇವರು ಬದುಕಿರುವಷ್ಟು ದಿನ ಅವಳ ಮುಖ ನೋಡುವುದಿಲ್ಲ, ನೋಡದಿದ್ದರೆ ಬೇಡ, ಬದುಕಿರಲಿ — ಬಾಯಿ ತೆರೆದಳು, ಪಂಚೆಯ ಅಂಚು ಜಾರಿ ಪಾದ ಕಂಡಿತು, ಕುಳಿ ಅಲ್ಲೇ ಇದೆ, ಮೇಲಿನಿಂದ ಆ ಕಣ್ಣು ಬೇಡುತ್ತಿದೆ, ಮದುವೆಯಾದಾಗಿನಿಂದ ಯಾರನ್ನೂ ಏನನ್ನೂ ಬೇಡದ ಕಣ್ಣು, ಅವಳ ಕೈ ತಾನಾಗಿ ಎಣ್ಣೆ ಡಬ್ಬಿಯ ಮೂತಿಯನ್ನು ಎಡಗಡೆಯ ಕೀಲಿಗೆ ಇಟ್ಟಿತು, ಒತ್ತಿತು. ಎಣ್ಣೆ ಇಳಿಯಿತು. ಮರ ಕುಡಿಯಿತು. ಪೆಡಲ್ ಹಿಡಿದು ಅವಳೇ ಮೇಲೆ ಕೆಳಗೆ ಆಡಿಸಿದಳು, ಮೊದಲು ಸಣ್ಣಗೆ ನರಳಿತು, ಆಮೇಲೆ ಅದೂ ಇಲ್ಲ.

ಭೇಷ್, ಅವ್ವಾರೇ ಮೆಕ್ಯಾನಿಕ್ಕು ಅಂದರು ಯಾರೋ, ಹಂಗೇ ಒಸಿ ಟೀ ಅಂದರು, ಅವಳು ಅಡುಗೆಮನೆಗೆ ಬಂದಿದ್ದಾಳೆ, ಕೈಯೆಲ್ಲ ಎಣ್ಣೆ, ತೊಳೆದರೂ ಜಿಡ್ಡು, ಗ್ಯಾಸ್ ಹಚ್ಚಿದಳು, ನೀರಿಟ್ಟಳು, ಆಚೆ ತಬಲಾ, ಮಾದಸ್ವಾಮಿಯ ದನಿ ಏರುತ್ತಿದೆ, ಹಾರ್ಮೋನಿಯಂ ಅದರ ಹಿಂದೆಯೇ ಏರುತ್ತಿದೆ, ಚೆನ್ನಾಗಿದೆ, ಎಲ್ಲರಿಗೂ ಚೆನ್ನಾಗಿ ಕೇಳುತ್ತಿದೆ, ಅವಳಿಗೆ ಏನೂ ಕೇಳುತ್ತಿಲ್ಲ, ರಾಗದ ಕೆಳಗೆ ಕಿವಿಯಿಟ್ಟು ಹುಡುಕುತ್ತಾಳೆ, ಒತ್ತಿತೇ, ಎತ್ತಿತೇ, ಚುಟುಕೇ, ಎಳೆತವೇ, ಸುಳಿವಿಲ್ಲ, ಕತ್ತಲಲ್ಲಿ ಗೋಡೆ ತಡವಿದ ಹಾಗೆ. ಸಕ್ಕರೆ ಎಷ್ಟು ಹಾಕಿದಳೋ. ನಾಳೆ ಮೊದಲ ಬಸ್ಸಿಗೇ ಹೊರಡಿಸಬೇಕು, ರಿಪೋರ್ಟಿನ ಕವರು ಬೀರುವಿನಲ್ಲಿದೆ, ಇವರು ಬೇಡ ಅಂದರೂ — ಮಾದಸ್ವಾಮಿ ದನಿ ಎಳೆದು ನಿಲ್ಲಿಸಿದ, ತಬಲಾ ನಿಂತಿತು. ಹಾರ್ಮೋನಿಯಂ ನಿಲ್ಲಲಿಲ್ಲ. ಒಂದೇ ಸ್ವರ, ಬದಲಾಗದೆ, ಉದ್ದಕ್ಕೆ, ಗಾಳಿ ಕಮ್ಮಿಯಾಗುತ್ತ ಸಣ್ಣಗೆ, ಇನ್ನೂ ಸಣ್ಣಗೆ, ಎಳೆಯಾಗಿ. ಶ್, ಸುಮ್ಕಿರ್ಲಾ, ಮೇಷ್ಟ್ರು ಸ್ವರ ನಿಲ್ಸವ್ರೆ ಅನ್ನುತ್ತಾನೆ ಮಾದಸ್ವಾಮಿ, ಆಹಾ ಅನ್ನುತ್ತಾರೆ ಹುಡುಗರು, ಯಾರೋ ಚಪ್ಪಾಳೆ ತಟ್ಟುತ್ತಾರೆ, ಎಲ್ಲರೂ ತಟ್ಟುತ್ತಾರೆ, ಟೀ ಉಕ್ಕಿ ಒಲೆಯ ಮೇಲೆ ಸುರಿಯುತ್ತಿದೆ, ಚನ್ನಾಜಮ್ಮನ ಕಣ್ಣ ಮುಂದೆ ಪಾದ, ಪೆಡಲ್ ಒತ್ತಿಕೊಂಡೇ ಇರುವ ಪಾದ, ಅದರ ಮೇಲೆ ಅವಳ ಹೆಬ್ಬೆರಳಿನಷ್ಟೇ ಕುಳಿ, ತುಂಬುತ್ತಿಲ್ಲ, ಆ ಕುಳಿ, ತುಂಬುತ್ತಿಲ್ಲ —