ಕೆನ್ನೆಯೊಳಗಿನ ಕಡ್ಡಿ

ಜನರನ್ನು ಹೆದರಿಸುವ ಕುಣಿತಕ್ಕೆಂದು ಮುಖಕ್ಕೆ ಮಸಿ ಬಳಿದು, ಅದರ ಮೇಲೆ ಕೆಂಪು ಗೆರೆ ಎಳೆದದ್ದಾಗಿತ್ತು. ಕೆನ್ನೆ ಉಬ್ಬಿಸಲು ಬಾಯೊಳಗೆ ಕಡ್ಡಿ ಸಿಕ್ಕಿಸುವುದೊಂದೇ ಬಾಕಿ. ಸಿಕ್ಕಿಸಿದ ಮೇಲೆ ಮಾತಾಡಲಾಗದು. ಅದಕ್ಕೇ ನುಕಾಕ ಪರದೆಯ ಸಂದಿಯಿಂದ ಇಣುಕುತ್ತ, ಆಡುವುದನ್ನೆಲ್ಲ ಈಗಲೇ ಆಡಿ ಮುಗಿಸುತ್ತಿದ್ದಳು.

"ಮಿತೆಕ್ ಮಾವ, ಅಮ್ಮ ಬಂದಿದ್ದಾಳೆ! ಎರಡನೇ ಸಾಲಲ್ಲಿ. ಚರ್ಚಿಗೆ ಹೋಗೋ ಕೋಟು ಹಾಕ್ಕೊಂಡು!"

ಡೋಲಿನ ಚರ್ಮಕ್ಕೆ ನೀರು ಸವರುತ್ತಿದ್ದ ಮುದುಕ ತಲೆಯೆತ್ತಿದ. "ಸೈತಾನನ ಕುಣಿತ ಅಂತಿದ್ದೋಳು? ಹಾಗಿದ್ರೆ ಇವತ್ತು ನಮ್ಮ ನೂಕ್ ಊರ ಬೀದೀಲಿ ತಿಮಿಂಗಿಲ ನಡ್ಕೊಂಡು ಬರುತ್ತೆ ಬಿಡು." ಆಮೇಲೆ ತಮಾಷೆ ಬಿಟ್ಟ. "ನೋಡವ್ವ, ಅವಳ ಹತ್ರ ಮಾತ್ರ ಹೋಗ್ಬೇಡ."

"ಎಲ್ಲರನ್ನೂ ಹೆದರಿಸಿ ಅವಳೊಬ್ಬಳನ್ನ ಬಿಟ್ರೆ, ನೀನು ನಮ್ಮೋಳಲ್ಲ ಅಂದಂಗೆ. ಹಾಗಂದೋರು ಈಗಾಗ್ಲೇ ಬೇಕಾದಷ್ಟು ಜನ ಇದ್ದಾರೆ," ಎಂದಳು ನುಕಾಕ.

ಅದೂ ಸುಳ್ಳಲ್ಲ. ಅಮ್ಮ ಬಿಬಿಯಾನೆ ಆರು ವರ್ಷದವಳಿದ್ದಾಗ, ನಮ್ಮನ್ನಾಳುತ್ತಿದ್ದ ಡೇನಿಷರು ಜಾಣೆ ಮಾಡುತ್ತೇವೆಂದು ಹಡಗು ಹತ್ತಿಸಿ ಡೆನ್ಮಾರ್ಕಿಗೆ ಒಯ್ದಿದ್ದರು. ಎಂಥ ಉಪಕಾರ! ಮರಳಿದಾಗ ಹೆತ್ತವಳು ಕಟ್ಟೆಯ ಮೇಲೆ ನಿಂತು ಕೂಗಿದ್ದು ಅವಳಿಗೆ ಅರ್ಥವಾಗಲಿಲ್ಲ. ನಮ್ಮ ನುಡಿ ಅಷ್ಟು ಮರೆತಿತ್ತು. ಮನೆಗೂ ಬಿಡಲಿಲ್ಲ, ಮಕ್ಕಳ ನಿಲಯಕ್ಕೆ ಹಾಕಿದರು. ತಾಯಿ ಅದೇ ಊರಲ್ಲಿದ್ದರೂ ನಿಲಯದ ಮೇಡಂ ಹೂಂ ಅನ್ನದೆ ಮನೆಗೆ ಹೋಗುವಂತಿರಲಿಲ್ಲ. ಆಕೆ ಹೂಂ ಅಂದದ್ದೇ ಇಲ್ಲ.

ಮಗಳೊಂದಿಗೂ ಬಿಬಿಯಾನೆ ಡೇನಿಷಿನಲ್ಲೇ ಮಾತಾಡುತ್ತ ಬಂದಳು. ಆ ಸಿಟ್ಟಿಗೇ ನುಕಾಕ ಈ ಕುಣಿತ ಕಲಿತದ್ದು. ಮುಖದ ಮೇಲೆ ಮಸಿ ಇರುವ ತನಕ ಆ ಭಾಷೆಯ ಒಂದಕ್ಷರವೂ ಆಡೆನೆಂದು ಆಣೆ ಹಾಕಿಕೊಂಡಿದ್ದಳು. ಇವತ್ತು ಅವಳಿಗೆ ಬೇಕಿದ್ದದ್ದು ಇಷ್ಟೇ: ಅಮ್ಮ ಒಮ್ಮೆ ಎಲ್ಲರಂತೆ ಕಿರುಚಿ, ಆಮೇಲೆ ನಕ್ಕುಬಿಡಬೇಕು. ಈ ಆಟ ಇರುವುದೇ ಅದಕ್ಕೆ. ಕಿರುಚಿ ನಕ್ಕವರ ಭಯ ಅಲ್ಲಿಗೆ ಇಳಿಯುತ್ತದೆ.

ಮಿತೆಕ್ ಡೋಲಿನ ಅಂಚಿಗೆ ಕೋಲು ಬಡಿದ. ನುಕಾಕ ಕಡ್ಡಿ ಸಿಕ್ಕಿಸಿಕೊಂಡು, ಕುಂಡೆ ಕುಣಿಸುತ್ತ ಜನರ ನಡುವೆ ನುಗ್ಗಿದಳು. ಡೇನಿಷ್ ಅತಿಥಿಯೊಬ್ಬ ಕಾಫಿಯನ್ನು ಷರಟಿನ ಮೇಲೆ ಚೆಲ್ಲಿಕೊಂಡ. ದಪ್ಪನೆಯ ಹೆಂಗಸೊಬ್ಬಳು ಚೀಲದಿಂದ ಬಾರಿಸಿ, "ಹೋಗೇ, ನಿನ್ನ ಗಂಡನ್ನ ಹೆದರಿಸ್ಕೋ!" ಎಂದಳು. ಎಲ್ಲರೂ ಬಿದ್ದುಬಿದ್ದು ನಕ್ಕರು.

ಆಮೇಲೆ ಅಮ್ಮ. ನುಕಾಕ ಮೂಗಿಗೆ ಮೂಗು ತಾಗುವಷ್ಟು ಬಗ್ಗಿ, ಕಣ್ಣರಳಿಸಿ ಬುಸುಗುಟ್ಟಿದಳು.

ಬಿಬಿಯಾನೆ ಕಿರುಚಲಿಲ್ಲ, ನಗಲಿಲ್ಲ. ಎದ್ದು ನಿಂತಳು. ಹಿಮ್ಮಡಿ ಜೋಡಿಸಿ, ಕೈ ಬೆನ್ನ ಹಿಂದೆ ಕಟ್ಟಿ, ಪುಟ್ಟ ಹುಡುಗಿಯ ದನಿಯಲ್ಲಿ, ನಿಲಯದಲ್ಲಿ ಕಲಿಸಿದ್ದ ಡೇನಿಷಿನ ಊಟದ ಪ್ರಾರ್ಥನೆಯನ್ನು ಒಪ್ಪಿಸಿದಳು. ಒಂದು ತಪ್ಪಿಲ್ಲ.

ಸಭೆ ಹೋ ಎಂದು ನಕ್ಕಿತು. ಸಿಕ್ಕಿಬಿದ್ದವರು ಏನಾದರೊಂದು ಚೇಷ್ಟೆ ಮಾಡಿ ಸೇಡು ತೀರಿಸಿಕೊಳ್ಳುವುದು ಈ ಆಟದಲ್ಲಿ ಮಾಮೂಲು. "ಭಲೇ ಬಿಬಿಯಾನೆ! ಮಗಳಿಗೆ ತಕ್ಕ ಅಮ್ಮ!" ಎಂದು ಯಾರೋ ಕೂಗಿದರು. ಅಮ್ಮನ ಕಣ್ಣು ತನ್ನನ್ನು ಗುರುತಿಸದೆ ಗೋಡೆಗೆ ನೆಟ್ಟಿದ್ದದ್ದು ನುಕಾಕಳಿಗೆ ಮಾತ್ರ ಕಂಡಿತು.

ಜನರೆದುರು ಕಡ್ಡಿ ತೆಗೆಯಬಾರದು. ತೆಗೆದಳು. ಜೊಲ್ಲು ಗದ್ದಕ್ಕಿಳಿಯಿತು.

"ಅಮ್ಮ, ನಾನು ಕಣಮ್ಮ, ನುಕಾಕ," ಎಂದಳು ನಮ್ಮ ನುಡಿಯಲ್ಲಿ.

ಬಿಬಿಯಾನೆಯ ನೋಟ ಗೋಡೆಯಿಂದ ಕದಲಲಿಲ್ಲ. ಮಾತು ಅವಳಿಗೆ ತಲುಪಿದಂತಿರಲಿಲ್ಲ. ಡೇನಿಷಿನಲ್ಲಿ ಮೆಲ್ಲಗೆ ಕೇಳಿದಳು: "ನಾನೀಗ ಮನೆಗೆ ಹೋಗ್ಲಾ?"

ನುಕಾಕ ತಾನು ಯಾರೆಂದು ಮತ್ತೊಮ್ಮೆ ನಮ್ಮ ನುಡಿಯಲ್ಲಿ ಹೇಳಿ ನೋಡಿದಳು. ಅಮ್ಮ ಕಾಯುತ್ತಲೇ ನಿಂತಿದ್ದಳು. ಕೊನೆಗೆ ನುಕಾಕ ಮಸಿ ಮೆತ್ತಿದ ಬಾಯಿ ತೆರೆದು, ಡೇನಿಷಿನಲ್ಲೇ ಹೇಳಿದಳು: "ಹೂಂ. ಹೋಗು."

ಬಿಬಿಯಾನೆಯ ಮುಖ ಅರಳಿತು. ಮೊಣಕಾಲು ಚೂರು ಬಗ್ಗಿಸಿ, "ನಿಮ್ಮಿಂದ ದೊಡ್ಡ ಉಪಕಾರ ಆಯ್ತು, ಮೇಡಂ," ಎಂದಳು.

ಜನ ಚಪ್ಪಾಳೆ ತಟ್ಟುತ್ತಿದ್ದರು.