ಪುಟ್ಟಿ ಕರೆದದ್ದು ಯಾರನ್ನು?

ನಮ್ಮ ಹೊಲಿಗೆ ಕಾರ್ಖಾನೆಯ ಮಕ್ಕಳ ಕೋಣೆಯಲ್ಲಿ ಒಂದು ನೋಟುಪುಸ್ತಕವಿದೆ. ಮಗು ಹೊಸದಾಗಿ ಆಡಿದ ಮಾತನ್ನೂ ಅದರ ಅರ್ಥವನ್ನೂ ಆಯಾಗಳು ಅದರಲ್ಲಿ ಬರೆದಿಡುತ್ತಾರೆ. ನನ್ನ ಪುಟ್ಟಿ ಮೂರು ದಿನದಿಂದ ಮಧ್ಯಾಹ್ನದ ಊಟ ಮುಟ್ಟದೆ ‘ಬಾ, ಬಾ’ ಎಂದು ಅಳುತ್ತಿದ್ದಳು. ಅವಳಿಗೇನು ಬೇಕೋ ತಿಳಿಯೋಣವೆಂದು ಪುಸ್ತಕ ತೆರೆದೆ.

ಆಯಾಗಳು ಮೂವರು, ಅವರ ಭಾಷೆಗಳೂ ಮೂರು, ಕನ್ನಡ ಯಾರದೂ ಅಲ್ಲ; ಒಂದೊಂದರಲ್ಲೂ ‘ಬಾ’ ಎಂಬುದಕ್ಕೆ ಬೇರೆ ಅರ್ಥ. ಒಬ್ಬರು ‘ಅಮ್ಮ ಬೇಕೆಂದಳು’ ಎಂದೂ, ಇನ್ನೊಬ್ಬರು ‘ಅಪ್ಪ ಬೇಕೆಂದಳು’ ಎಂದೂ ಬರೆದಿದ್ದರು. ಹಿರಿಯ ಆಯಾ ‘ಮೂರು ಬೇಕೆಂದಳು’ ಎಂದು ಬರೆದಿದ್ದರು.

“ಅದಕ್ಕೇ ಮೂರು ಬಿಸ್ಕತ್ತು ಕೊಟ್ಟೆ ಕಣಮ್ಮ, ಮೂಸಿಯೂ ನೋಡಲಿಲ್ಲ ನಿನ್ನ ಮಗಳು!” ಎಂದರು ಅವರು.

“ಅಯ್ಯೋ, ನಮ್ಮ ಮನೆ ಕನ್ನಡದಲ್ಲಿ ಬಾ ಅಂದ್ರೆ ಹತ್ತಿರ ಕರೆಯೋದು.”

“ಯಾರನ್ನ ಕರೀತಾಳೆ?”

“ಇನ್ಯಾರನ್ನ? ನನ್ನನ್ನೇ!” ಎಂದು ಹೆಮ್ಮೆಯಿಂದ ಎತ್ತಿಕೊಂಡೆ. ಪುಟ್ಟಿ ನನ್ನ ಹೆಗಲ ಮೇಲಿಂದ ಹಿರಿಯ ಆಯಾರ ಕಡೆ ಕೈಚಾಚಿ ‘ಬಾ’ ಎಂದಳು. ನನ್ನ ಮುಖ ಸಣ್ಣದಾಯಿತು. ಆಯಾ ಬಂದು ತುತ್ತು ಕೊಟ್ಟರು, ಪುಟ್ಟಿ ತಿಂದಳು. ಆಮೇಲೆ ಖಾಲಿ ಗೋಡೆ ನೋಡಿ ಮತ್ತೆ ‘ಬಾ’ ಎಂದಳು.

“ಈಗ ಯಾರನ್ನ ಕರೀತಾಳೆ ತಾಯೀ?” ಎಂದರು ಆಯಾ.

ಹೇಗೂ ಬಾಯಿ ತೆರೆದಿದ್ದಳು, ಇನ್ನೊಂದು ತುತ್ತು ಇಟ್ಟೆ.