ಕೈಯಲ್ಲಿರುವ ತನಕ

ಗುರುವಾರ ಕುರಿಸಂತೆ. ಹನ್ನೊಂದಕ್ಕೆ ಬೆರಿಲ್ ಹಿಂಬಾಗಿಲಿನಿಂದ ದಾನದಂಗಡಿಯೊಳಗೆ ಬಂದು, ಕೋಟು ತೂಗುಹಾಕಿ, ಹೆಸರಿನ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು, ಚಹಾಕ್ಕೆ ನೀರಿಟ್ಟಳು. ಒಂಬತ್ತು ವರ್ಷದಿಂದ ಹೀಗೆಯೇ. ಥಾರ್ನ್‌ಬೆಕ್ ಪೇಟೆಯವರೂ ಸುತ್ತಲ ಗುಡ್ಡದವರೂ ಬೇಡವೆಂದು ಬಿಟ್ಟ ಬಟ್ಟೆ, ಪಾತ್ರೆ, ಪುಸ್ತಕಗಳನ್ನು ಅಲ್ಲಿ ಮಾರುತ್ತಾರೆ. ಬಂದ ಹಣ ಕೊನೆಗಾಲದ ರೋಗಿಗಳ ಆಸ್ಪತ್ರೆಗೆ ಹೋಗುತ್ತದೆ. ಬೆರಿಲ್‌ಳಂಥ ಅರವತ್ತು ದಾಟಿದ ಹೆಂಗಸರು ಸಂಬಳವಿಲ್ಲದೆ ಪಾಳಿಯಲ್ಲಿ ನಿಲ್ಲುತ್ತಾರೆ.

ಗೋಡೆಯ ಮೇಲಿನ ಸೂಚನೆ ಬೆರಿಲ್‌ಳ ಕೈಬರಹದ್ದು. ಇನ್ನೊಬ್ಬರ ಕೈಯಲ್ಲಿರುವುದಕ್ಕೆ ಕೈ ಹಾಕಬೇಡಿ. ತೆಗೆದಿಡಿ ಎಂದು ಕೇಳಬೇಡಿ. ಚೌಕಾಸಿ ಬೇಡ. ನೋಡಿದ್ದನ್ನು ಇದ್ದಲ್ಲಿಯೇ ಇಡಿ. ಹಿಂದಿನ ಕೋಣೆಯಲ್ಲಿ ಇನ್ನೊಂದಿದೆ, ಅದು ಕೆಲಸದವರಿಗೆ: ಬಿಲ್ಲೆ ಎದೆಯ ಮೇಲಿರುವಾಗ ಯಾರೂ ಏನನ್ನೂ ಕೊಳ್ಳುವಂತಿಲ್ಲ, ಬೇಕಾದವರು ಗಿರಾಕಿಯಾಗಿ ಮುಂಬಾಗಿಲಿನಿಂದ ಬರಬೇಕು. ಈ ಎರಡನೆಯದರಿಂದ ಅವಳ ಪಾಳಿಯ ಜೊತೆಗಾತಿ ಮ್ಯೂರಿಯಲ್ ಒಂದು ಕಿತ್ತಳೆ ಬಣ್ಣದ ಎರಕದ ಪಾತ್ರೆಯನ್ನು ಕಳೆದುಕೊಂಡಿದ್ದಳು. ಮೇಜಿನ ಕೆಳಗೆ ಬಚ್ಚಿಟ್ಟಿದ್ದನ್ನು ಬೆರಿಲ್ ತೆಗೆಸಿ ಹೊರಗಿಡಿಸಿದ್ದಳು. ಹತ್ತು ನಿಮಿಷದಲ್ಲಿ ಅದನ್ನು ಪಾದ್ರಿಯ ಹೆಂಡತಿ ಕೊಂಡೊಯ್ದಿದ್ದಳು. ಅದಾಗಿ ಎರಡು ವರ್ಷವಾಯಿತು. ಮ್ಯೂರಿಯಲ್ ಮರೆತಿಲ್ಲ.

ಎರಡು ಕಪ್ ಹಿಡಿದು ಬೆರಿಲ್ ಅಂಗಡಿಯ ಮುಂಭಾಗಕ್ಕೆ ಬಂದಾಗ ಪುಸ್ತಕದ ಕಪಾಟಿನೆದುರು ಒಬ್ಬ ಕುಳ್ಳ ಮನುಷ್ಯ ಉದ್ದನೆಯ ಕೋಲೊಂದರ ಮೇಲೆ ಭಾರ ಬಿಟ್ಟು ನಿಂತಿದ್ದ. ಕೋಲಿನ ಹಿಡಿ ಟಗರಿನ ಕೊಂಬಿನದು. ಕೊಂಬೂ ಕಟ್ಟಿಗೆಯೂ ಕೂಡುವಲ್ಲಿ ತಾಮ್ರದ ಬಳೆ.

ಬೆರಿಲ್‌ಳ ಬಲಗೈಯ ಕಪ್ ತುಳುಕಿ ಚಹಾ ಮಣಿಕಟ್ಟಿನ ಮೇಲೆ ಇಳಿಯಿತು. ಆ ಬಳೆಯನ್ನು ಅಪ್ಪ ನೀರಿನ ಹಳೇ ಕೊಳವೆಯಿಂದ ಕತ್ತರಿಸಿದ್ದ. ಬೆಳ್ಳಿಯದು ಹಾಕಿಸಬಾರದೇ ಎಂದು ಅಮ್ಮ ಕೇಳಿದಾಗ, ಕುರಿಗೆ ಬೆಳ್ಳಿ ಕಾಣುತ್ತದೆಯೇ ಎಂದಿದ್ದ.

"ಏನೇ, ನೆಲಕ್ಕೂ ಚಹಾ ಕುಡಿಸ್ತೀಯಾ?" ಎಂದಳು ಗಲ್ಲಾಪೆಟ್ಟಿಗೆಯ ಹಿಂದಿನ ಮ್ಯೂರಿಯಲ್.

"ಆ ಕೋಲು ಎಲ್ಲಿಂದ ಬಂತು?"

"ನಿಮ್ಮತ್ತಿಗೆ ಜಾನಿಸ್ ತಂದ್ಲು ಕಣೇ, ಬೆಳಿಗ್ಗೆ. ಕಾರಿನ ತುಂಬ ಮೂಟೆ. ಬಾಗಿಲ ಹತ್ತಿರದ ಪಡಸಾಲೆಗೆ ಬಣ್ಣ ಹೊಡೆಸ್ತಾರಂತೆ, ಅಲ್ಲಿದ್ದ ಕಸ ಎಲ್ಲಾ ಇದು ಅಂದ್ಲು." ಮ್ಯೂರಿಯಲ್ ಬೆರಿಲ್‌ಳ ಮುಖ ನೋಡಿ ದನಿ ತಗ್ಗಿಸಿದಳು. "ಯಾಕೆ? ಯಾರದ್ದು ಅದು?"

"ಅಪ್ಪನದು."

ಅಪ್ಪ ಸತ್ತು ಹನ್ನೊಂದು ವರ್ಷ. ಜಮೀನು, ಮನೆ, ಕುರಿ ಎಲ್ಲ ಅಣ್ಣನಿಗೆ ಹೋದವು. ಅಲ್ಲಿ ಹಾಗೆಯೇ ಹೋಗುವುದು. ಬೆರಿಲ್ ಏನನ್ನೂ ಕೇಳಲಿಲ್ಲ. ಬೇಕು ಎಂದು ಬಾಯಿಬಿಡುವುದನ್ನು ಆ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಕೊಟ್ಟರೆ ಕೋಲು ಕೊಡಲಿ ಎಂದುಕೊಂಡಿದ್ದಳು. ಪ್ರತಿ ಕ್ರಿಸ್ಮಸ್‌ಗೆ ಹೋದಾಗ ಪಡಸಾಲೆಯಲ್ಲಿ ಕೋಟು ಬಿಚ್ಚುತ್ತ, ಕೊಂಬಿನ ಒಳಮೈಯಲ್ಲಿ ಅಪ್ಪನ ಹೆಬ್ಬೆರಳು ಸವೆಸಿದ ಗುಳಿಯಲ್ಲಿ ತನ್ನ ಹೆಬ್ಬೆರಳನ್ನು ಒಮ್ಮೆ ಇಟ್ಟು ತೆಗೆಯುತ್ತಿದ್ದಳು. ಯಾರೂ ನೋಡಿರಲಿಲ್ಲ. ಹಾಗಾಗಿ ಯಾರೂ ಕೊಡಲಿಲ್ಲ.

"ಹೋಗಿ ಹೇಳು ಮತ್ತೆ," ಎಂದಳು ಮ್ಯೂರಿಯಲ್.

"ಹೇಗೆ ಹೇಳಲಿ? ಅವರ ಕೈಯಲ್ಲಿದೆ."

ಮ್ಯೂರಿಯಲ್ ಗೋಡೆಯ ಸೂಚನೆಯನ್ನೊಮ್ಮೆ ನೋಡಿ, ಚಹಾ ಹೀರಿದಳು.

ಆ ಮನುಷ್ಯನಿಗೆ ಕೋಲು ಬೇಕಿತ್ತೋ, ನೋಯುವ ಮೊಣಕಾಲಿಗೆ ಸದ್ಯಕ್ಕೊಂದು ಆಸರೆ ಬೇಕಿತ್ತೋ ತಿಳಿಯುವಂತಿರಲಿಲ್ಲ. ಕೋಲು ತನ್ನ ಕೈಯಲ್ಲಿರುವುದೇ ಅವನ ಗಮನದಲ್ಲಿದ್ದಂತಿರಲಿಲ್ಲ. ಅದನ್ನೂರಿಕೊಂಡು ಪಿಂಗಾಣಿ ಸಾಲಿಗೆ ಹೋದ. ಬೆರಿಲ್ ಅಲ್ಲಿಗೆ ಹೋಗಿ, ಸರಿಯಾಗಿಯೇ ಇದ್ದ ಬಟ್ಟಲುಗಳನ್ನು ಸರಿಪಡಿಸಿದಳು. ಅವನು ಕೋಟುಗಳ ಹತ್ತಿರ ಹೋದ. ಬೆರಿಲ್ ಕೋಟುಗಳ ಗುಂಡಿ ಹಾಕತೊಡಗಿದಳು. ಹಾಕಿದ್ದ ಗುಂಡಿ ಬಿಚ್ಚಿ ಮತ್ತೆ ಹಾಕಿದಳು. ಅಷ್ಟು ಹತ್ತಿರ ನಿಲ್ಲಬಾರದೆಂದು ಗೊತ್ತಿತ್ತು. ಗಿರಾಕಿಯ ಕಂಕುಳಲ್ಲಿ ಇಣುಕಬೇಡ ಎಂದು ಹೊಸಬರಿಗೆ ಹೇಳಿಕೊಡುವವಳು ಅವಳೇ. ಆದರೂ ಕಾಲು ನಿಲ್ಲಲೊಲ್ಲದು. ಪುಸ್ತಕದ ಕಪಾಟಿಗೆ ಅವನು ಮರಳಿದಾಗ ಅವಳೂ ಮರಳಿದಳು.

ಕೋಲಿನ ಹಿಂದೆ ಬಿದ್ದವಳು ಇನ್ನೊಬ್ಬಳೂ ಇದ್ದಳು. ಪೆನ್ರಿತ್‌ನಲ್ಲಿ ಹಳೇ ಸಾಮಾನಿನ ಮಳಿಗೆಯಿಟ್ಟವಳು. ಸಂತೆಯ ದಿನ ಬಂದು, ಇಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಅಲ್ಲಿ ಕಿಟಕಿಯಲ್ಲಿಡುವವಳು. ತೋಳಿನಲ್ಲಿ ಜೋಡಿ ಹಿತ್ತಾಳೆ ದೀಪಗಂಬ. ಅವಳ ಕಣ್ಣು ಮಾತ್ರ ಕೊಂಬಿನ ಮೇಲಿತ್ತು.

ಅವನು ತಟ್ಟನೆ ತಿರುಗಿ ಬೆರಿಲ್‌ಳ ಬಿಲ್ಲೆ ನೋಡಿದ. "ನೋಡಮ್ಮ, ಇದು ಒಳ್ಳೇ ಕೋಲೇನು? ಭಾರ ತಡೆಯುತ್ತೋ, ಬರೀ ಶೋಕಿಗೆ ಮಾಡಿದ್ದೋ?"

ಬೆರಿಲ್ ಬಾಯಿ ತೆರೆಯುವ ಮೊದಲೇ ಪೆನ್ರಿತ್‌ನವಳು, "ಅಯ್ಯೋ, ಪ್ಲಾಸ್ಟಿಕ್ ಅದು, ಬಿಡಿ. ಪ್ರವಾಸಿಗಳಿಗೆ ಮಾರೋಕೆ ಅಂತ ಮಾಡ್ತಾರೆ. ಎರಡೇ ದಿನಕ್ಕೆ ಹಿಡಿ ಕಿತ್ತು ಕೈಗೆ ಬರುತ್ತೆ," ಎಂದಳು.

ಅವನು ಕೋಲನ್ನು ತಿರುಗಿಸಿ ನೋಡಿದ. ಕೆಳಗಿಡುವವನಂತೆ ಕಂಡ. ಬೆರಿಲ್ ಸುಮ್ಮನಿದ್ದರೆ ಸಾಕಿತ್ತು. ಇಟ್ಟುಬಿಡುತ್ತಿದ್ದ.

"ಪ್ಲಾಸ್ಟಿಕ್ ಅಲ್ಲ," ಎಂದಳು ಬೆರಿಲ್. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಟಗರಿನ ಕೊಂಬು. ಬಿಸಿ ಮಾಡಿ, ಬಗ್ಗಿಸಿ, ಅರದಿಂದ ಉಜ್ಜಿ ಉಜ್ಜಿ ಈ ಆಕಾರಕ್ಕೆ ತರೋದಕ್ಕೆ ಒಂದು ಚಳಿಗಾಲ ಪೂರ್ತಿ ಬೇಕು. ಕೋಲು ಹೇಜಲ್ ಮರದ್ದು. ಕಡಿದು ಎರಡು ವರ್ಷ ಅಟ್ಟದ ಮೇಲೆ ಒಣಗಿಸಿದ್ದು. ನಲವತ್ತು ವರ್ಷ ಹಿಮದಲ್ಲಿ ಕುರಿ ಹಿಡಿದಿದೆ ಇದು, ಗೊತ್ತಾ? ಹಿಡಿ ಕಿತ್ತು ಬರುತ್ತಂತೆ!"

ಪೆನ್ರಿತ್‌ನವಳು ಹಿತ್ತಾಳೆಯನ್ನು ಒರೆಸಿಕೊಳ್ಳತೊಡಗಿದಳು.

"ಹಾಗಾದ್ರೆ ತಗೊಂಡೇ ಬಿಡ್ತೀನಿ," ಎಂದ ಅವನು ಸಂತೋಷದಿಂದ. "ನನಗೆ ಸ್ವಲ್ಪ ಉದ್ದ. ತಳದಲ್ಲಿ ಒಂದು ಗೇಣು ಕೊಯ್ದು ಹಾಕ್ತೀನಿ."

ಬೆರಿಲ್‌ಳ ಕೈ ಏಪ್ರನ್ನಿನ ಜೇಬಿನೊಳಗೆ ಮುಷ್ಟಿಯಾಯಿತು.

"ಕೊಯ್ದರೆ ಕೆಡುತ್ತೆ. ಮೇಲೇ ಭಾರ ಆಗಿಬಿಡುತ್ತೆ, ಕೈ ತಿರುಚುತ್ತೆ. ಅದಕ್ಕಿಂತ ಹೆಚ್ಚಾಗಿ, ಇದು ಊರಿಕೊಂಡು ನಡೆಯೋ ಕೋಲೇ ಅಲ್ಲ. ಕುರಿಯ ಕುತ್ತಿಗೆಗೆ ಹಾಕಿ ಎಳೆಯೋಕೆ ಮಾಡಿದ್ದು. ನಿಮ್ಮ ಮೊಣಕಾಲಿಗೆ ಸೊಂಟದ ಎತ್ತರದ್ದು ಬೇಕು."

ಹೇಳಿದ್ದೆಲ್ಲ ನಿಜ. ಹೇಳದೆ ಬಿಟ್ಟದ್ದೂ ಒಂದಿತ್ತು.

"ಹೌದಾ? ನೀವಾಗೇ ಹೇಳಿದಿರಿ, ಒಳ್ಳೇದಾಯ್ತು," ಎಂದು ಅವನು ಕೋಲನ್ನು ಕಪಾಟಿಗೆ ಒರಗಿಸಿ, ಪುಸ್ತಕವೊಂದನ್ನು ಎತ್ತಿಕೊಂಡ.

ಈಗ ಅದು ಯಾರ ಕೈಯಲ್ಲೂ ಇರಲಿಲ್ಲ. ಬೆರಿಲ್ ಕೈ ಚಾಚಿದಳು.

"ಬೆರಿಲ್!" ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮ್ಯೂರಿಯಲ್ ಕೂಗಿದಳು. "ಎದೆ ಮೇಲೇನಿದೆ ನೋಡ್ಕೋ!"

ಬೆರಿಲ್ ಬಿಲ್ಲೆಯನ್ನು ಎಳೆದಳು. ಸೂಜಿ ಉಣ್ಣೆಗೆ ಸಿಕ್ಕಿಕೊಂಡು ನೂಲು ಬಂತು. ಏಪ್ರನ್ ಬಿಚ್ಚಿ ಗಲ್ಲಾಪೆಟ್ಟಿಗೆಯ ಮೇಲೆಸೆದು ಮುಂಬಾಗಿಲಿಗೆ ನಡೆದಳು. ಅಲ್ಲಿ ನಡೆಯಲು ಆಸರೆಯ ಗಾಲಿಗಾಡಿ ಹಿಡಿದ ಮುದುಕಿಯೊಬ್ಬಳು ಒಳಬರುತ್ತಿದ್ದಳು.

"ನೀನು ಹೋಗಮ್ಮ ಮೊದಲು."

"ಇಲ್ಲ ಇಲ್ಲ, ನೀವು ಬನ್ನಿ." ಬೆರಿಲ್ ಬಾಗಿಲು ಹಿಡಿದು ನಿಂತಳು. ಗಾಡಿಯ ಮುಂದಿನ ಗಾಲಿ ಹೊಸಿಲು ಏರಿತು. ಮುದುಕಿ ನಿಂತು ಉಸಿರು ತೆಗೆದುಕೊಂಡಳು. ಹಿಂದಿನ ಗಾಲಿ ಏರಿತು. ಚಳಿ ಬಹಳ, ಅಲ್ವೇ ಎಂದಳು. ಬಹಳ ಎಂದಳು ಬೆರಿಲ್.

ಹೊರಗೆ ಕಾಲಿಟ್ಟು ತಿರುಗಿದಾಗ ಕಿಟಕಿಯ ಗಾಜಿನಾಚೆ ಪೆನ್ರಿತ್‌ನವಳು ಕಪಾಟಿಗೆ ಎರಡು ಹೆಜ್ಜೆ ದೂರದಲ್ಲಿದ್ದಳು. ಮ್ಯೂರಿಯಲ್ ಅವಳನ್ನು ಕೈಬೀಸಿ ಕರೆಯುತ್ತಿದ್ದಳು. ಬೆರಿಲ್ ಒಳನುಗ್ಗಿದಾಗ ಬಾಗಿಲ ಗಂಟೆಯ ಜೊತೆ ಕೇಳಿಸಿದ್ದು ಮ್ಯೂರಿಯಲ್‌ಳ ರಾಗ: "ಆ ದೀಪಗಂಬಕ್ಕೆ ಬೆಲೆ ಚೀಟೀನೇ ಅಂಟಿಸಿಲ್ಲ ಕಣ್ರೀ. ಸ್ವಲ್ಪ ಈ ಕಡೆ ತನ್ನಿ. ಎರಡನ್ನೂ. ಕನ್ನಡಕ ಎಲ್ಲಿಟ್ಟೆ ನಾನು..."

ಕನ್ನಡಕ ಅವಳ ತಲೆಯ ಮೇಲೆಯೇ ಇತ್ತು.

ಬೆರಿಲ್ ಕೋಲೆತ್ತಿಕೊಂಡಳು. ಹೆಬ್ಬೆರಳು ಗುಳಿಯಲ್ಲಿ ಕೂತಿತು.

"ಗಿರಾಕಿಗಳೇ, ಇನ್ನೇನಾದ್ರೂ ಬೇಕಿತ್ತಾ?" ಹಣ ತೆಗೆದುಕೊಳ್ಳುತ್ತ ಮ್ಯೂರಿಯಲ್ ಕೇಳಿದಳು. "ಕಿತ್ತಳೆ ಬಣ್ಣದ ಪಾತ್ರೆ ಖರ್ಚಾಗಿಹೋಯ್ತು."

ಪುಸ್ತಕಕ್ಕೆ ಹಣ ಕೊಡಲು ಹಿಂದೆ ನಿಂತಿದ್ದ ಆ ಮನುಷ್ಯ ಕೋಲನ್ನೂ ಬೆರಿಲ್‌ಳನ್ನೂ ನೋಡಿದ. ಬೆರಿಲ್‌ಳ ಕಿವಿ ಕೆಂಪಾಯಿತು.

"ನಮ್ಮಪ್ಪ ಮಾಡಿದ್ದು," ಎಂದಳು.

"ಅಯ್ಯೋ ದೇವರೇ. ಮೊದಲೇ ಒಂದು ಮಾತು ಹೇಳಬಾರದಿತ್ತೇ?"

"ನಿಮ್ಮ ಕೈಯಲ್ಲಿತ್ತಲ್ಲ."

ಅವನು ನಕ್ಕ. ನಕ್ಕು, ಪುಸ್ತಕವನ್ನು ಕಂಕುಳಲ್ಲಿಟ್ಟು, ಕುಂಟುತ್ತ ಬಾಗಿಲಾಚೆ ಹೋದ. ಬೆರಿಲ್ ಕಿಟಕಿಯಿಂದ ನೋಡಿದಳು. ಅವನು ಗೋಡೆ ಹಿಡಿದು ನಡೆಯುತ್ತಿದ್ದ. ಬ್ರೆಡ್ಡಿನಂಗಡಿಯ ಎದುರು ಗೋಡೆ ಮುಗಿದಾಗ ನಿಂತುಬಿಟ್ಟ. ಅವಳಿಗೆ ತಡೆಯಲಾಗಲಿಲ್ಲ. ಬಿಲ್ಲೆಯಿಲ್ಲದೆ, ಕೋಟಿಲ್ಲದೆ ಹೋಗಿ ಕೋಲನ್ನು ಅವನ ಕೈಗಿತ್ತಳು.

"ಕಾರಿನ ತನಕ."

"ಸಂತೆ ಬಯಲಲ್ಲಿದೆ ಕಾರು. ದೂರ."

"ಇರಲಿ."

ಇಬ್ಬರೂ ಇಳಿಜಾರಿನಲ್ಲಿ ನಡೆದರು. ಕೋಲು ಅವನಿಗೆ ನಿಜವಾಗಿಯೂ ಉದ್ದ. ಪ್ರತಿ ಹೆಜ್ಜೆಗೂ ಮೊಣಕೈ ಭುಜದ ಮಟ್ಟಕ್ಕೇರುತ್ತಿತ್ತು. ಸಂತೆ ಬಯಲಲ್ಲಿ ಟಗರುಗಳು ಒದರುತ್ತಿದ್ದವು. ಅವನು ತನ್ನ ಮಗಳ ಮಾತಾಡಿದ, ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವ ಮಾತಾಡಿದ. ಮಾತಾಡುತ್ತಲೇ ಕಾರಿನ ಬಾಗಿಲು ತೆಗೆದ, ಪುಸ್ತಕವನ್ನು ಪಕ್ಕದ ಸೀಟಿಗೆ ಹಾಕಿದ, ಕೋಲನ್ನು ಹಿಂದಿನ ಸೀಟಿನ ತನಕ ಅಡ್ಡಡ್ಡವಾಗಿ ತೂರಿಸಿಟ್ಟ, ಕೂತು ಬಾಗಿಲೆಳೆದುಕೊಂಡ.

"ತುಂಬಾ ಉಪಕಾರ ಆಯ್ತಮ್ಮ," ಎಂದು ಕಿಟಕಿಯಿಂದ ಕೈಯೆತ್ತಿದ. ಎಂಜಿನ್ ಶುರುವಾಯಿತು.

ಅವನಿಗೆ ತಾನಾಗಿಯೇ ನೆನಪಾಗಲಿ ಎಂದು ಬೆರಿಲ್ ಕಾದಳು. ನಗುತ್ತಲೇ ಕಾದಳು. ಕಾರು ಒಂದು ಮೊಳ ಹಿಂದಕ್ಕೆ ಸರಿಯಿತು. ಗಾಜಿನೊಳಗೆ ತಾಮ್ರದ ಬಳೆ ಹೊಳೆಯಿತು. ಅವಳಿಗೆ ನೆನಪಾದದ್ದು ಕ್ರಿಸ್ಮಸ್‌ಗಳ ಪಡಸಾಲೆ, ತೂಗುಹಾಕಿದ ಕೋಟುಗಳು, ಅತ್ತಿಗೆ ಚಹಾ ತರುವ ಸದ್ದು.

ಅವಳು ಮುಂದೆ ಬಂದು ಗಾಜಿನ ಮೇಲೆ ಬೆರಳ ಗಂಟಿನಿಂದ ಬಡಿದಳು, ಒಮ್ಮೆ, ಮತ್ತೊಮ್ಮೆ.

"ಕೋಲು ಕೊಡಿ," ಎಂದಳು. "ಅದು ನನ್ನದು."